ಅರ್ಧ ಗೋಡೆ ಅವರದು, ಅರ್ಧ ನನ್ನದು

ನಮ್ಮ ಮನೆಗೆ ಮೊದಲ ಸಲ ಬಂದವರು ಚಹಾ ಬರುವುದಕ್ಕೆ ಮುಂಚೆಯೇ ಪಡಸಾಲೆಯ ಗೋಡೆ ನೋಡಿ ಒಂದು ಪ್ರಶ್ನೆ ಕೇಳುತ್ತಾರೆ. ಗೋಡೆಯ ಮೇಲೆ ಅಂಗೈ ಅಗಲದ ಎಂಟು ಕಬ್ಬಿಣದ ಬಿಲ್ಲೆಗಳಿವೆ. ಪ್ರತಿಯೊಂದರ ನಡುವೆ ಒಂದು ನಟ್ಟು. ಎರಡು ಸಾಲು ಎನ್ನಬೇಕು, ಆದರೆ ಸಾಲು ಎಂಬ ಮಾತು ಅವಕ್ಕೆ ಒಪ್ಪುವುದಿಲ್ಲ. ಒಂದು ನಟ್ಟಿಗೆ ನನ್ನ ಗಡಿಯಾರ ತೂಗುತ್ತದೆ. ಉಳಿದವಕ್ಕೆ ಗೋಡೆಯ ಈ ಕಡೆ ಏನೂ ಕೆಲಸವಿಲ್ಲ.

ಆ ಕಡೆ ಅವು ಏನು ಹೊತ್ತಿವೆ ಎಂದು ಹೇಳಬೇಕಾದರೆ ಮಾಸ್ತರರ ವಿಷಯ ಹೇಳಬೇಕು. ಅವರು ತೀರಿಕೊಂಡು ವರ್ಷವಾಗುತ್ತ ಬಂತು. ಹೆಸರು ಬರೆಯುವುದಿಲ್ಲ. ಬರೆದರೂ ಕೊಟ್ಟೂರಿನಲ್ಲಿ ಯಾರೂ ಗುರುತಿಸಲಾರರು. ಎಲ್ಲರಿಗೂ ಅವರು ಪೇಟಿ ಮಾಸ್ತರ. ಹಳ್ಳಿಯ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿ, ಆಟ ಕಲಿಸಿ ಬದುಕಿದವರು. ಪೇಟಿ ಹೋಗಿ ಕೀಬೋರ್ಡ್ ಬಂದ ಮೇಲೂ ಊರು ಅವರ ಹೆಸರು ಬದಲಿಸಲಿಲ್ಲ.

ನಾನು ಸರಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ಹೆಡ್ ನರ್ಸ್ ಆಗಿ ನಿವೃತ್ತಳಾದವಳು. ವಾರ್ಡಿನ ಗಡಿಯಾರ ನಿಂತರೆ ರೋಗಿಯ ಔಷಧಿ ನಿಲ್ಲುತ್ತದೆ ಎಂದು ಕಲಿಸಿದವರ ಕೈಕೆಳಗೆ ತಯಾರಾದೆ. ಅದಕ್ಕೇ ಇವತ್ತಿಗೂ ಪ್ರತಿ ತಿಂಗಳು ಒಂದನೇ ತಾರೀಖು ಗಡಿಯಾರದ ಸೆಲ್ ಬದಲಿಸುತ್ತೇನೆ. ಹಳೆಯದು ಮುಗಿದಿರಲಿ, ಬಿಡಲಿ. ತೆಗೆದ ಸೆಲ್ಲುಗಳನ್ನು ಮಾಸ್ತರರ ಹೆಂಡತಿ ಬಸಮ್ಮ ಒಯ್ಯುತ್ತಾಳೆ. ಅವಳ ಟಾರ್ಚಿಗೆ ಈ ಜನ್ಮದಲ್ಲಿ ಸೆಲ್ ಕೊಳ್ಳುವ ಪ್ರಸಂಗ ಬಂದಿಲ್ಲ.

ನಮ್ಮ ಎರಡು ಮನೆ ಹಿಂದೆ ಒಂದೇ ಮನೆ. ಅಣ್ಣತಮ್ಮಂದಿರು ಪಾಲಾದಾಗ ನಡುವಿನ ಗೋಡೆ ಇಬ್ಬರಿಗೂ ಉಳಿಯಿತು. ಒಂದು ಪಾಲು ಮಾಸ್ತರರ ತಂದೆಗೆ ಬಂತು, ಇನ್ನೊಂದನ್ನು ನಾನು ಕೊಂಡೆ. ಕಲ್ಲು ಮಣ್ಣಿನ ಗೋಡೆ, ಮೊಳದ ಮೇಲೆ ದಪ್ಪ. ಆದರೂ ಆ ಕಡೆಯ ಸ್ವರ ಈ ಕಡೆ ಬರುತ್ತಿತ್ತು, ಈ ಕಡೆಯ ಸಪ್ಪಳ ಆ ಕಡೆ ಹೋಗುತ್ತಿತ್ತು.

ಮಾಸ್ತರರು ತೆಳ್ಳಗೆ, ಉದ್ದಕ್ಕೆ ಇದ್ದರು. ಬಿಳಿ ಧೋತರ, ಜೇಬಿನಲ್ಲಿ ಎರಡು ಕನ್ನಡಕ. ಒಂದು ಓದುವುದಕ್ಕೆ, ಇನ್ನೊಂದು ಮೊದಲನೆಯದನ್ನು ಹುಡುಕುವುದಕ್ಕೆ. ಊಟ, ನಿದ್ದೆ, ಸ್ನಾನ ಯಾವುದಕ್ಕೂ ಗೊತ್ತಾದ ಹೊತ್ತಿಲ್ಲ. ನಾನು ಒಮ್ಮೆ, ಇಷ್ಟು ವರ್ಷ ತಾಳ ಹಿಡಿದವರು ಹೀಗೆ ಹೊತ್ತುಗೆಟ್ಟು ಇರುವುದು ಹೇಗೆ ಎಂದು ಕೇಳಿದೆ. ಅವರು ಬೇಸರಪಡಲಿಲ್ಲ. ತಾಳ ಎಂದರೆ ಗಡಿಯಾರವಲ್ಲ ಎಂದು ನನಗೆ ತಿಳಿಸಿ ಹೇಳಿದರು. ಹಳ್ಳಿಯ ನಟ ಹಗಲೆಲ್ಲ ಹೊಲದಲ್ಲಿ ದುಡಿದು ಬಂದವನು. ಹಾಡಿನ ನಡುವೆ ಉಸಿರು ತಗೊಳ್ಳುತ್ತಾನೆ, ಎದುರು ಕೂತ ಬೀಗರಿಗೆ ಕೈ ಮುಗಿಯುತ್ತಾನೆ, ಒಂದು ಸಾಲು ನುಂಗಿ ಮುಂದಿನದಕ್ಕೆ ಹಾರುತ್ತಾನೆ.

“ಸಿಸ್ಟರಮ್ಮಾರ, ಅಂವ ಎಷ್ಟು ತಪ್ಪತಾನ, ನಾವೂ ಅಷ್ಟ ತಪ್ಪಬೇಕ್ರಿ,” ಎಂದರು. “ಆವಾಗ ಯಾರೂ ತಪ್ಪಿದಂಗ ಆಗಂಗಿಲ್ಲ.”

ಇದು ಅವರ ಇಡೀ ವಿದ್ಯೆ. ಅದಕ್ಕಾಗಿ ಅವರು ನುಡಿಸುವಾಗ ಕೀಲಿಗಳನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ನಟನ ಮುಖದ ಮೇಲೆ, ಬಾಯಿ ತೆರೆಯುವ ಮುಂಚಿನ ಆ ಗಂಟಲಿನ ಅಲುಗಾಟದ ಮೇಲೆ. ಹೊಸಹಳ್ಳಿಯ ಒಂದು ನಾಟಕದಲ್ಲಿ ತಾಯಿಯ ಪಾತ್ರದವಳು ಪ್ರಾಣ ಬಿಡುವ ಹೊತ್ತಿಗೆ ಕೀಬೋರ್ಡು ತಾನಾಗಿ ಡಿಸ್ಕೋ ತಾಳ ಶುರು ಮಾಡಿತಂತೆ. ಗುಂಡಿ ಸಿಕ್ಕಿಕೊಂಡುಬಿಟ್ಟಿತ್ತು, ಎಷ್ಟು ಒತ್ತಿದರೂ ನಿಲ್ಲಲಿಲ್ಲ. ತಾಯಿ ಗಾಬರಿಯಾಗಿ ಆ ತಾಳಕ್ಕೇ ನರಳತೊಡಗಿದಳು. ಮಾಸ್ತರರು ಅವಳ ಮುಖ ನೋಡುತ್ತ ಹಿಂದೆಯೇ ಹೋದರು. ಜನ ಒನ್ಸ್ ಮೋರ್ ಎಂದು ಕೂಗಿದರು. ಅವಳು ಎದ್ದು ಸೆರಗು ಸರಿಮಾಡಿಕೊಂಡು ಮತ್ತೊಮ್ಮೆ ಸತ್ತಳು. ಮುಂದಿನ ವರ್ಷ ಅದೇ ನಾಟಕಕ್ಕೆ ಕರೆಯಲು ಬಂದವರು, ತಾಯಿ ಸಾಯುವಾಗ ಆ ತಾಳ ಇರಲೇಬೇಕು ಎಂದು ಷರತ್ತು ಹಾಕಿದರಂತೆ.

ಆ ಕೀಬೋರ್ಡಿಗೆ ಅವರು ಇಟ್ಟ ಹೆಸರು ಹಾಸ್ಯಗಾರ. ಇನ್ನೂ ಎರಡು ಇದ್ದವು. ಸ್ವರ ಗಟ್ಟಿಯಿದ್ದದ್ದು ನಾಯಕ, ಇಂಪಾಗಿದ್ದದ್ದು ನಾಯಕಿ. ನಾಲ್ಕನೆಯದು ಸಿಂಥಸೈಜರ್. ದಾವಣಗೆರೆಯಲ್ಲಿ ಯಾರೋ ಸಂಗೀತ ಬಿಟ್ಟು ಅಂಗಡಿ ಹಾಕಿದವರಿಂದ ತಂದದ್ದು. ಕಪ್ಪಗೆ, ಭಾರವಾಗಿ, ಮೈತುಂಬ ತಿರುಪುಗಳಿದ್ದ ಅದರ ಹೆಸರು ಖಳನಾಯಕ. ಉಳಿದ ಮೂರರಲ್ಲಿ ಕೊಳಲು, ಪಿಟೀಲು ಸಿದ್ಧವಾಗಿ ಇರುತ್ತವೆ. ಇದರಲ್ಲಿ ದನಿಯನ್ನು ನಾವೇ ತಿರುಪು ತಿರುಗಿಸಿ ಕಟ್ಟಬೇಕು. ಮಾಸ್ತರರು ಅದರಲ್ಲಿ ಗುಡುಗು ಕಟ್ಟಿದ್ದರು, ಕುರಿ ಹಿಂಡಿನ ಗಂಟೆ ಕಟ್ಟಿದ್ದರು, ಕೂಡ್ಲಿಗಿ ಬಸ್ಸು ಏರಿನಲ್ಲಿ ಗೇರು ಬದಲಿಸುವ ನರಳಾಟವನ್ನೂ ಕಟ್ಟಿದ್ದರು. ಅದನ್ನು ಕೇಳಿದರೆ ನನಗೆ ಡ್ಯೂಟಿಗೆ ಹೊತ್ತಾಯಿತೆನಿಸುತ್ತಿತ್ತು.

ಮೊಣಕಾಲು ನೋವಿನಿಂದ ಊರೂರು ತಿರುಗುವುದು ಕಷ್ಟವಾದ ಮೇಲೆ ಮಾಸ್ತರರು ಮನೆಯ ಒಳಖೋಲಿಯನ್ನೇ ಸ್ಟುಡಿಯೋ ಮಾಡಿಕೊಂಡರು. ಒಂದು ಕಂಪ್ಯೂಟರು, ಒಂದು ಮೈಕು. ಸದ್ದು ಹೀರಲು ಗೋಡೆಗೆ ಮೊಟ್ಟೆಯ ಖಾಲಿ ಟ್ರೇ ಅಂಟಿಸಬೇಕೆಂದು ಯಾರೋ ಹೇಳಿದರು. ಮೊಟ್ಟೆ ಖಾಲಿಯಾದ ಮೇಲೂ ಅದು ಮೊಟ್ಟೆಯದೇ ಎಂದು ಬಸಮ್ಮ ಹೊಸ್ತಿಲಲ್ಲೇ ತಡೆದಳು. ಕೊನೆಗೆ ಹಿರೇಹಡಗಲಿ ಕಡೆಯ ಕುರಿಗಾರರು ಕಂಬಳಿ ತಂದುಕೊಟ್ಟರು. ಗೋಡೆಗೆಲ್ಲ ಕಂಬಳಿ. ಸದ್ದೇನೋ ನಿಂತಿತು. ಆದರೆ ಮಳೆ ಬಂದ ದಿನ ಒಳಗೆ ಹೋದರೆ ಕುರಿಹಟ್ಟಿಗೆ ಹೋದಂತಾಗುತ್ತಿತ್ತು.

ಅಲ್ಲಿ ಮನೆದೇವರ ಪದ ಹಾಡುವವರು ಬರುತ್ತಿದ್ದರು, ಆಟೋದಲ್ಲಿ ಸಾರುವ ಪ್ರಚಾರದವರು ಬರುತ್ತಿದ್ದರು. ಬಾಗಳಿಯಿಂದ ಬಂದ ಒಬ್ಬ ಕುರಿಗಾರ ಮುದುಕ ಹೆಗಲ ಮೇಲೆ ಕೋಲಿಲ್ಲದೆ ಬಾಯಿ ತೆರೆಯಲಾರೆ ಎಂದ. ಕೋಲು ತಂದುಕೊಟ್ಟರೆ ಖೋಲಿಯಲ್ಲಿ ಅದು ಅಡ್ಡಡ್ಡ ಹಿಡಿಸಲಿಲ್ಲ. ಬಾಗಿಲು ತೆರೆದೇ ಹಾಡಿಸಿದರು. ಆ ಹಾಡಿನ ನಡುವೆ ನನ್ನ ಅಡುಗೆಮನೆಯಲ್ಲಿ ತಾಟು ಬಿದ್ದ ಸಪ್ಪಳ ಇದೆ. ತೆಗೆದುಬಿಡಿ ಎಂದರೆ, ಅದು ಸರಿಯಾದ ಜಾಗದಲ್ಲೇ ಬಿದ್ದಿದೆ ಎಂದರು.

ಇಷ್ಟೆಲ್ಲ ನಡೆಯುತ್ತಿದ್ದದ್ದು ನೆಲದ ಮೇಲೆ. ನಾಯಕ ಮಂಚದ ಮೇಲೆ, ನಾಯಕಿ ಜೋಳದ ಚೀಲದ ಮೇಲೆ, ಹಾಸ್ಯಗಾರ ಬಾಗಿಲಿಗೆ ಅಡ್ಡ, ಖಳನಾಯಕ ನಡುಮಧ್ಯೆ. ವೈರುಗಳು ಎಲ್ಲ ಕಡೆ.

ಅಷ್ಟರಲ್ಲಿ ಮಗಳು ಗೌರಿಯ ಚೊಚ್ಚಲ ಹೆರಿಗೆ ಹತ್ತಿರ ಬಂತು. ಹೆರಿಗೆ ಆಸ್ಪತ್ರೆಯಲ್ಲಿ, ಬಾಣಂತನ ತವರಿನಲ್ಲಿ. ಬಾಣಂತಿಗೆ ಇದ್ದದ್ದು ಆ ಒಂದೇ ಒಳಖೋಲಿ. ಬಸಮ್ಮ ನನ್ನನ್ನು ಕರೆದುಕೊಂಡು ಹೋಗಿ ಖೋಲಿಯ ನಡುವೆ ನಿಲ್ಲಿಸಿದಳು. ನಿಲ್ಲಿಸಿದಳು ಎಂದರೆ ಒಂದು ಕಾಲಿಗೆ ಮಾತ್ರ ಜಾಗವಿತ್ತು.

“ನೀವ ಹೇಳ್ರಿ ಸಿಸ್ಟರಮ್ಮಾರ, ಇಲ್ಲಿ ಕೂಸು ಬಾಣಂತಿ ಇರಾಕ ಆಗ್ತೈತೇನ್ರಿ?”

ಆಗುವುದಿಲ್ಲ ಎಂದೆ. ನೆಲ ಪೂರ್ತಿ ತೆರವಾಗಬೇಕು, ಒರೆಸುವಂತಿರಬೇಕು, ವೈರು ಕಾಲಿಗೆ ಸಿಗಬಾರದು ಎಂದೆ. ಬಸಮ್ಮನಿಗೆ ಅಷ್ಟೇ ಸಾಕಿತ್ತು. ಅವಳ ಅಣ್ಣನ ಮಗ ಕೊಟ್ರೇಶ ಹಗರಿಬೊಮ್ಮನಹಳ್ಳಿಯಲ್ಲಿ ಆರ್ಕೆಸ್ಟ್ರಾ ನಡೆಸುತ್ತಾನೆ. ಅವನ ಕಣ್ಣು ಬಹಳ ದಿನದಿಂದ ಆ ಸಿಂಥಸೈಜರಿನ ಮೇಲಿತ್ತು. ಅದೊಂದು ಸಿಕ್ಕರೆ ಉಳಿದ ಮೂರನ್ನೂ ಕೊಂಡೊಯ್ಯುತ್ತೇನೆ ಎಂದಿದ್ದ. ತವರಿನವರಿಗೆ ಇಲ್ಲ ಎನ್ನುವುದು ಬಸಮ್ಮನಿಗೆ ಎಂದೂ ಬಂದದ್ದಲ್ಲ. ಸೋಮವಾರ ಟೆಂಪೋ ತಗೊಂಡು ಬಾ ಎಂದು ಹೇಳಿಬಿಟ್ಟಳು.

ಮಾಸ್ತರರು ಅವತ್ತು ಮಧ್ಯಾಹ್ನ ಸರಿಯಾದ ಹೊತ್ತಿಗೆ ಊಟ ಮಾಡಿದರು. ನನಗೆ ಭಯವಾಯಿತು. ನಾಟಕಗಳು ಆಗಲೇ ಕೈಬಿಟ್ಟಿದ್ದವು. ವಾದ್ಯಗಳೂ ಹೋದರೆ ಅವರಿಗೆ ಉಳಿಯುವುದು ಕಟ್ಟೆಯ ಮೇಲೆ ಕೂರುವುದೊಂದೇ. ಸಂಜೆ ಬಂದು ನಮ್ಮ ಬಾಗಿಲಲ್ಲಿ ನಿಂತರು. ವಾದ್ಯಗಳನ್ನು ಗೋಡೆಗೆ ಹತ್ತಿಸಿದರೆ ನೆಲ ಖಾಲಿಯಾಗುತ್ತದಲ್ಲ, ಪೇಟೆಯ ಸ್ಟುಡಿಯೋಗಳಲ್ಲಿ ಹಾಗೇ ಮಾಡುತ್ತಾರಂತೆ, ನೀವು ಒಪ್ಪಿದರೆ ಅವಳೂ ಒಪ್ಪುತ್ತಾಳೆ ಎಂದರು. ಬಾಣಂತಿಯ ಮಂಚ ಎದುರಿನ ಗೋಡೆಗೆ ಇರಬೇಕು, ನಾನು ಬಂದು ಪರೀಕ್ಷೆ ಮಾಡಿದ ಮೇಲೆಯೇ ಹೂಂ ಅನ್ನುವುದು ಎಂದೆ.

ವೆಲ್ಡಿಂಗ್ ಅಂಗಡಿಯ ಖಾಜಾ ಕಬ್ಬಿಣದ ತೋಳುಗಳನ್ನು ಮಾಡಿಕೊಟ್ಟ. ಇಪ್ಪತ್ತು ವರ್ಷ ಮಾಸ್ತರರ ನಾಟಕಗಳಲ್ಲಿ ದುಷ್ಟ ಗೌಡನ ಪಾರ್ಟು ಅವನದೇ ಆಗಿತ್ತು. ಮರುದಿನ ಕೆಲಸ ಮುಗಿಯಿತು, ಬರ್ರಿ ಎಂದು ಕರೆದರು. ಹೋಗಿ ನೋಡಿದರೆ ನಾಲ್ಕೂ ವಾದ್ಯಗಳು ಗೋಡೆಗೆ ಹತ್ತಿದ್ದವು ನಿಜ, ಆದರೆ ನೆಲದಿಂದ ಒಂದು ಗೇಣು ಮೇಲೆ. ಮಾಸ್ತರರು ಜೀವಮಾನವೆಲ್ಲ ಚಕ್ಕಳಮಕ್ಕಳ ಹಾಕಿ ರಂಗದ ಅಂಚಿನಲ್ಲಿ ಕೂತು ನುಡಿಸಿದವರು. ಗೋಡೆಯ ಮುಂದೆ ಕಂಬಳಿ ಹಾಸಿ ಕೂತು, ಕೈ ಚಾಚಿ, ಅದೇ ಎತ್ತರಕ್ಕೆ ಗುರುತು ಹಾಕಿದ್ದರು. ಮೊದಲು ನೆಲದ ಮೇಲಿದ್ದದ್ದು ಈಗ ನೆಲದ ಹತ್ತಿರವಿತ್ತು. ಒರೆಸುವುದು ಇನ್ನೂ ಕಷ್ಟವಾಗಿತ್ತು.

“ನಿಂತು ಬಾರಿಸಿದ್ದು ರಾಷ್ಟ್ರಗೀತೆ ಒಂದ ನೋಡ್ರಿ,” ಎಂದರು ಮಾಸ್ತರರು. “ಅದು ಲಗೂನ ಮುಗೀತೈತಿ.”

ಫೇಲ್ ಮಾಡಿದೆ. ಎದೆಯ ಎತ್ತರಕ್ಕೆ ಏರಿಸಬೇಕು ಎಂದೆ. ಏರಿಸಿದರು. ಆಗ ಗೋಡೆ ತನ್ನ ಗುಣ ತೋರಿಸಿತು. ಮೇಲೆ ಸಿಮೆಂಟಿನ ತೆಳು ಲೇಪ, ಒಳಗೆ ಬರೀ ಮಣ್ಣು. ರಂಧ್ರಕ್ಕೆ ತುಂಬಿದ ಪ್ಲಾಸ್ಟಿಕ್ ಬಿರಡೆ ಮಣ್ಣನ್ನು ಹಿಡಿಯಲಿಲ್ಲ. ನಾಯಕಿ ಅರ್ಧ ಬುಟ್ಟಿ ಗೋಡೆಯನ್ನು ಕರೆದುಕೊಂಡು ಜೋಳದ ಚೀಲದ ಮೇಲೆ ಬಿದ್ದಳು. ಪುಣ್ಯಕ್ಕೆ ಏನೂ ಆಗಲಿಲ್ಲ. ಬಸಮ್ಮ ಕೊಟ್ರೇಶನಿಗೆ ಫೋನ್ ಮಾಡಿ ಟೆಂಪೋ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದಳು.

ಭಾನುವಾರ ಬೆಳಿಗ್ಗೆ ಮಾಸ್ತರರು ಇಸ್ತ್ರಿ ಮಾಡಿದ ಧೋತರ ಉಟ್ಟು, ತಟ್ಟೆಯಲ್ಲಿ ಎಲೆಅಡಿಕೆ, ತೆಂಗಿನಕಾಯಿ ಇಟ್ಟುಕೊಂಡು ನಮ್ಮ ಮನೆಗೆ ಬಂದರು. ಹಿಂದೆ ಖಾಜಾ, ಕೈ ಕಟ್ಟಿಕೊಂಡು. ಯಾರದು ಮದುವೆ ಎಂದು ಕೇಳಿದೆ.

“ಮದುವಿ ಅಲ್ರಿ. ಗೋಡಿ ಕೇಳಾಕ ಬಂದೀನಿ.”

ವಿಷಯ ಹೀಗಿತ್ತು. ಮಣ್ಣಿನ ಗೋಡೆಯಲ್ಲಿ ಬೋಲ್ಟು ನಿಲ್ಲಬೇಕಾದರೆ ಅದು ಗೋಡೆ ತೂರಿ ಆರಪಾರ ಹೋಗಬೇಕು. ಇನ್ನೊಂದು ಕಡೆ ಅಗಲವಾದ ಬಿಲ್ಲೆ ಇಟ್ಟು ನಟ್ಟು ಬಿಗಿಯಬೇಕು. ಇನ್ನೊಂದು ಕಡೆ ಎಂದರೆ ನನ್ನ ಪಡಸಾಲೆ. ಪರೀಕ್ಷೆಗೆ ಕೂತವರು ಪರೀಕ್ಷಕಿಯ ಮನೆಯ ಗೋಡೆಯನ್ನೇ ಕೇಳುತ್ತಿದ್ದರು.

ಆ ಗೋಡೆಯ ಮೇಲೆ ನನ್ನ ಗಡಿಯಾರ, ಕ್ಯಾಲೆಂಡರು, ನನ್ನ ತಂದೆತಾಯಿಯ ಫೋಟೋ ಇದ್ದವು. ಅಳತೆಪಟ್ಟಿ ಹಿಡಿದು ಹಾಕಿದ್ದು. ಬೇರೆ ಯಾವ ದಾರಿಯೂ ಇಲ್ಲವೇ ಎಂದು ಕೇಳಿದೆ.

“ಐತ್ರಿ,” ಎಂದರು ಮಾಸ್ತರರು. “ಟೆಂಪೋ.”

ಇಷ್ಟು ಹೇಳಿ ಅವರು ನನ್ನ ಮುಖವನ್ನೇ ನೋಡುತ್ತ ಕೂತರು. ನಟನ ಮುಖ ನೋಡುವಂತೆ. ನಾನು ಬಾಯಿ ತೆರೆಯುವ ಮೊದಲೇ ಅವರು ಖಾಜಾನ ಕಡೆ ತಿರುಗಿ ಹಾರೆ ತರಲು ಹೇಳಿದರು.

ಕೆಲಸ ಹತ್ತಕ್ಕೆ ಶುರುವಾಗಿ ಐದಕ್ಕೆ ಮುಗಿಯಬೇಕು, ಧೂಳಿಗೆ ಹೊದಿಕೆ ಹಾಕಬೇಕು, ಬಿಲ್ಲೆಗಳು ಎರಡು ನೇರ ಸಾಲಿನಲ್ಲಿ ಬರಬೇಕು ಎಂದು ಷರತ್ತು ಹಾಕಿದೆ. ಮೊದಲೆರಡನ್ನು ಪಾಲಿಸಿದರು. ಮೂರನೆಯದರಲ್ಲಿ ಅವರ ವಿದ್ಯೆ ಅಡ್ಡ ಬಂತು. ಮೊದಲ ರಂಧ್ರ ತೋಡುವಾಗ ಒಳಗೆ ಕಲ್ಲು ಸಿಕ್ಕಿ ಖಾಜಾ ಗುರುತಿಗಿಂತ ಎರಡು ಬೆರಳು ಮೇಲೆ ಹೋದ. ಮಾಸ್ತರರು ಅವನನ್ನು ತಡೆಯಲಿಲ್ಲ. ಉಳಿದ ಗುರುತುಗಳನ್ನೆಲ್ಲ ಅಳಿಸಿ ಎರಡು ಬೆರಳು ಮೇಲೆ ಹಾಕಿದರು. ಎರಡನೆಯದರಲ್ಲಿ ಖಾಜಾ ಕೆಳಗೆ ಇಳಿದ. ಇವರೂ ಇಳಿದರು. ಹೀಗೆ ಎಂಟು ರಂಧ್ರ ಮುಗಿಯುವ ಹೊತ್ತಿಗೆ ನನ್ನ ಗೋಡೆ ಏರಿಳಿತದ ಕೂಡ್ಲಿಗಿ ರಸ್ತೆಯಾಗಿತ್ತು.

ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಮಾಸ್ತರರು ಎರಡನೆಯ ಕನ್ನಡಕ ಹಾಕಿಕೊಂಡು ಗೋಡೆಯನ್ನು ಬಹಳ ಹೊತ್ತು ನೋಡಿದರು.

“ಒಂದ್ ಕೆಲಸ ಮಾಡೋಣ್ರಿ. ಕ್ಯಾಲೆಂಡರು, ಫೋಟೋ, ಎಲ್ಲಾನೂ ಇಷ್ಟ ಸೊಟ್ಟ ಹಾಕಿಬಿಡೋಣ. ಆವಾಗ ಯಾವ್ದೂ ಸೊಟ್ಟ ಕಾಣಂಗಿಲ್ಲ.”

ಖಾಜಾ ಹೊರಗೆ ಹೋಗಿ ನಕ್ಕು ಬಂದ. ನನ್ನ ತಂದೆತಾಯಿಯನ್ನು ನಾನು ಬೇರೆ ಗೋಡೆಗೆ ಸಾಗಿಸಿದೆ. ಗಡಿಯಾರದ ಮೊಳೆ ಧೂಳಿನ ಜೊತೆ ಉದುರಿಹೋಗಿತ್ತು. ಅದಿದ್ದ ಜಾಗದಲ್ಲೇ ಖಳನಾಯಕನ ಬೋಲ್ಟು ಹೊರಬಂದಿತ್ತು. ಗಡಿಯಾರವನ್ನು ಅದಕ್ಕೇ ತೂಗಿದೆ. ಮೊಳೆಗಿಂತ ಭದ್ರವಾಗಿತ್ತು ಎಂದು ಒಪ್ಪಲೇಬೇಕು.

ಸೋಮವಾರ ಬೆಳಿಗ್ಗೆ ಕೊನೆಯ ಪರೀಕ್ಷೆ. ವಾದ್ಯ ಇಡುವ ಮೊದಲು ತೋಳುಗಳು ಭಾರ ತಡೆಯುತ್ತವೋ ನೋಡಬೇಕಿತ್ತು. ಜೋಳದ ಚೀಲ ತೂಗಿಬಿಡೋಣ ಎಂದರು. ಜೋಳ ಬಿದ್ದರೆ ಯಾರು ಆರಿಸುವುದು ಎಂದು ಬಸಮ್ಮ ಕೇಳಿದಳು. ನಾನು ಮಾಸ್ತರರನ್ನು ಮೇಲಿಂದ ಕೆಳಗೆ ನೋಡಿದೆ. ರೋಗಿಗಳನ್ನು ಎತ್ತಿಳಿಸಿದವಳಿಗೆ ತೂಕ ಕಣ್ಣಿಗೇ ತಿಳಿಯುತ್ತದೆ. ನೀವೇ ಜೋತು ಬೀಳ್ರಿ ಎಂದೆ.

ಮಾಸ್ತರರು ಧೋತರ ಮೇಲೆ ಕಟ್ಟಿಕೊಂಡು, ಎರಡು ತೋಳು ಹಿಡಿದು, ಮೊಣಕಾಲು ಮಡಚಿ ನೇತಾಡಿದರು. ಅದೇ ಹೊತ್ತಿಗೆ ಹೊರಗೆ ಟೆಂಪೋ ನಿಂತ ಸದ್ದಾಯಿತು. ಕೊಟ್ರೇಶ ಒಳಗೆ ಬಂದು ಬಾಗಿಲಲ್ಲೇ ನಿಂತುಬಿಟ್ಟ.

“ಮಾಮಾ, ಏನ್ ಮಾಡಾಕತ್ತೀರಿ?”

“ಪರೀಕ್ಷಿ ಕೊಡಾಕತ್ತೀನಿ. ಸುಮ್ನ ಇರು.”

ನಾನು ಕೈಗಡಿಯಾರ ನೋಡಿ ಎರಡು ನಿಮಿಷ ಬಿಟ್ಟೆ. ತೋಳು ಕದಲಲಿಲ್ಲ. ಮಾಸ್ತರರ ಮುಖ ಕೆಂಪೇರಿತ್ತು, ಆದರೆ ಇಳಿಯಲಿಲ್ಲ. ಪಾಸ್ ಎಂದೆ. ಬಸಮ್ಮ ಗಂಡನ ಕಡೆ ನೋಡಲಿಲ್ಲ. ಅಣ್ಣನ ಮಗನಿಗೆ ಚಹಾ ಕೊಟ್ಟು, ಸಿಸ್ಟರಮ್ಮಾರು ಹೂಂ ಅಂದುಬಿಟ್ಟಾರ, ನಾನು ಏನು ಮಾಡಲಿ ಎಂದಳು. ಆ ದನಿಯಲ್ಲಿ ಇದ್ದದ್ದು ಬೇಸರವಲ್ಲ ಎಂದು ನನಗೆ ಅನ್ನಿಸಿತು. ಟೆಂಪೋ ಖಾಲಿ ಹೋಯಿತು.

ವಾದ್ಯಗಳು ಗೋಡೆಗೇರಿದ ಮೇಲೆ ಇನ್ನೊಂದು ತೊಂದರೆ ಹೊರಬಿತ್ತು. ನುಡಿಸಬೇಕಾದರೆ ಗೋಡೆಗೆ ಮುಖ ಮಾಡಬೇಕು. ಹಾಡುವವರು ಬೆನ್ನ ಹಿಂದೆ. ಮುಖ ಕಾಣದೆ ಮಾಸ್ತರರಿಗೆ ಒಂದು ಸ್ವರವೂ ಹೊರಡಲಿಲ್ಲ. ಮುಚ್ಚಿಹೋದ ಒಂದು ಕಟಿಂಗ್ ಅಂಗಡಿಯಿಂದ ಉದ್ದನೆಯ ಕನ್ನಡಿ ತಂದು ವಾದ್ಯಗಳ ಮೇಲೆ ಹಾಕಿದರು. ಅದರಲ್ಲಿ ಇಡೀ ಖೋಲಿ ಕಾಣುತ್ತಿತ್ತು. ಹಾಡಲು ಬಂದವರು ಮೊದಲು ತಲೆ ಬಾಚಿಕೊಂಡು ಆಮೇಲೆ ಹಾಡುತ್ತಿದ್ದರು.

ಗೌರಿ ಕೂಸಿನೊಂದಿಗೆ ಬಂದಳು. ಹೆಣ್ಣು ಕೂಸು. ಬಾಣಂತನ ಮುಗಿಯುವವರೆಗೆ ಸದ್ದು ಬೇಡ ಎಂದು ನಾನು ಹೇಳಿದ್ದೆ. ಮಾಸ್ತರರು ಒಂದು ದಿನವೂ ಸದ್ದು ಮಾಡಲಿಲ್ಲ. ಆದರೆ ಗೋಡೆಯ ಈ ಕಡೆ ಕೂತರೆ ಕೀಲಿಗಳ ಟಕ ಟಕ ಮಾತ್ರ ಸಣ್ಣಗೆ ಕೇಳಿಸುತ್ತಿತ್ತು. ಒಂದು ದಿನ ಕೂಸಿನ ತೂಕ ನೋಡಲು ಹೋದಾಗ ಕಂಡೆ. ಗೌರಿ ನಿದ್ದೆ ಮಾಡುತ್ತಿದ್ದಳು. ಮಾಸ್ತರರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಖಳನಾಯಕನ ಮುಂದೆ ನಿಂತಿದ್ದರು. ಕಣ್ಣು ಕನ್ನಡಿಯಲ್ಲಿ. ಕನ್ನಡಿಯಲ್ಲಿ ಕೂಸು ಮಂಚದ ಮೇಲೆ ಅಂಗಾತ ಮಲಗಿ ಕಾಲು ಒದೆಯುತ್ತಿತ್ತು. ಅದು ಒದ್ದರೆ ಇವರ ಬೆರಳು ಬೀಳುತ್ತಿತ್ತು, ಅದು ನಿಲ್ಲಿಸಿದರೆ ಇವರೂ ನಿಲ್ಲಿಸುತ್ತಿದ್ದರು. ನನ್ನನ್ನು ಕಂಡು ಒಂದು ಕಿವಿ ತೆರೆದು, ಇಷ್ಟು ವರ್ಷದಲ್ಲಿ ತಾಳ ತಪ್ಪದ ನಟಿ ಇವಳೊಬ್ಬಳೇ ಎಂದರು. ಕೂಸು ಏನು ಹಾಡಿತು ಎಂದು ನನಗೆ ಕೇಳಿಸಲಿಲ್ಲ. ಅವರೊಬ್ಬರಿಗೇ ಕೇಳಿಸಿದ್ದು. ನಾನು ತೂಕ ನೋಡುವುದನ್ನು ಸಂಜೆಗೆ ಮುಂದೂಡಿ ಬಂದೆ. ನನ್ನ ಕೆಲಸದ ಜೀವನದಲ್ಲಿ ಹಾಗೆ ಮಾಡಿದ್ದು ನೆನಪಿಲ್ಲ.

ಆಮೇಲೆ ನಾಲ್ಕು ವರ್ಷ ಸ್ಟುಡಿಯೋ ನಡೆಯಿತು. ಖಳನಾಯಕ ಗುಡುಗಿದಾಗ ನನ್ನ ಗಡಿಯಾರ ನಡುಗುತ್ತಿತ್ತು. ಎರಡು ವರ್ಷದ ನಂತರ ನನಗೆ ಅದು ಅಭ್ಯಾಸವಾಯಿತು. ಮಾಸ್ತರರು ಹೋದ ಮೇಲೆ ನಡುಗುವುದು ನಿಂತಿತು. ಅದು ಇನ್ನೂ ಅಭ್ಯಾಸವಾಗಿಲ್ಲ.

ಕಳೆದ ತಿಂಗಳ ಕೊನೆಯಲ್ಲಿ ಕೊಟ್ರೇಶ ಮತ್ತೆ ಬಂದ. ಈ ಸಲ ಟೆಂಪೋದ ಜೊತೆ ನಟ್ಟು ಬಿಚ್ಚುವ ಪಾನಾ ಕೂಡ ತಂದಿದ್ದ. ಬಸಮ್ಮ ಅವನನ್ನು ನಮ್ಮ ಮನೆಗೆ ಕರೆತಂದಳು.

“ಗೋಡಿ ಅರ್ಧ ಇವ್ರದು ಐತಪ್ಪ. ನಟ್ಟು ಎಲ್ಲಾ ಈ ಕಡಿ ಅದಾವ. ಇವ್ರನ್ನ ಕೇಳು,” ಎಂದು ಹೇಳಿ ಹೊಸ್ತಿಲಲ್ಲೇ ನಿಂತಳು.

ಕೊಟ್ರೇಶ ಒಳ್ಳೆಯ ಹುಡುಗ. ಉಳಿದ ಮೂರು ಹಳೆಯವು, ಅವು ಇರಲಿ, ಆ ಸಿಂಥಸೈಜರ್ ಒಂದು ಸಾಕು, ಧೂಳು ತಿನ್ನುವುದಕ್ಕಿಂತ ನಾಲ್ಕು ಜನ ಕೇಳಲಿ ಎಂದ. ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಗೋಡೆಯ ಕಡೆ ತಿರುಗಿ ಆ ನಟ್ಟು ನೋಡಿದೆ. ಗಡಿಯಾರದ ಗಾಜಿನಲ್ಲಿ ನನ್ನ ಹಿಂದಿನ ಬಾಗಿಲು ಕಾಣುತ್ತಿತ್ತು. ಬಾಗಿಲಲ್ಲಿ ಬಸಮ್ಮ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ತವರಿನ ಹುಡುಗನಿಗೆ ಇಲ್ಲ ಎನ್ನುವವಳಲ್ಲ.

“ಕೊಟ್ರೇಶಾ, ಈ ನಟ್ಟಿಗಿ ಗಡಿಯಾರ ತೂಗಾಕತ್ತೈತಿ,” ಎಂದೆ. “ನಡಿಯೋ ಗಡಿಯಾರ ನಾನು ಇಳಸಂಗಿಲ್ಲಪ್ಪ. ಅದು ನಿಂತ ದಿನ ಬಾ, ನಾನ ನಿಂತು ಬಿಚ್ಚಿಸಿ ಕೊಡ್ತೀನಿ.”

ಅವನು ಗಡಿಯಾರವನ್ನು ನೋಡಿದ. ಸೆಲ್ ಎಷ್ಟು ದಿನ ಬರುತ್ತದೆ ಎಂದು ಕೇಳಿದ. ಹೆಚ್ಚೆಂದರೆ ಒಂದು ವರ್ಷ ಎಂದೆ, ಅದು ನಿಜವೇ. ಹಂಗಾದ್ರ ಮುಂದಿನ ವರ್ಷ ಬರ್ತೀನ್ರಿ ಎಂದು ಪಾನಾವನ್ನು ಜೇಬಿಗಿಟ್ಟುಕೊಂಡು ಹೋದ. ಟೆಂಪೋ ತಿರುವು ದಾಟುವವರೆಗೆ ನಾವಿಬ್ಬರೂ ನೋಡುತ್ತ ನಿಂತೆವು. ಆಮೇಲೆ ಬಸಮ್ಮ, ತನ್ನ ಟಾರ್ಚು ಮಂದವಾಗಿದೆ, ನಾಳೆ ಯಾವ ತಾರೀಖು ಎಂದು ಕೇಳಿದಳು.

ಒಂದನೇ ತಾರೀಖು ಎಂದೆ.